ಕಾಟೂರಿನ ರೋಬೋಟ್ ಪ್ರೊಫೆಸರ್, ಮುಳಬಾಗಿಲಿನ ಮಕ್ಕಳು

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದ ಹಳ್ಳಿ ಮಕ್ಕಳನ್ನು ನಾವು ಪಿಯುಸಿಯ ಎರಡು ವರ್ಷದಲ್ಲಿ ಕಳೆದುಕೊಳ್ಳುತ್ತಿದ್ದೇವೆ. ಮುಳಬಾಗಿಲು ತಾಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಇದು ಪ್ರತಿ ವರ್ಷದ ಸಂಕಟ. ಇದಕ್ಕೊಂದು ದಾರಿಯನ್ನು ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದ ಒಬ್ಬ ರೋಬೋಟಿಕ್ಸ್ ಪ್ರೊಫೆಸರ್ ಆಗಲೇ ತೋರಿಸಿದ್ದಾರೆ. ಅವರ ಹೆಸರು ರಾಜ್ ರೆಡ್ಡಿ.

ನಂಗಲಿ ದಾಟಿದರೆ ಆಂಧ್ರ. ನಮ್ಮ ಕಡೆಯವರಿಗೆ ಚಿತ್ತೂರು ಅಂದರೆ ನೆಂಟರ ಊರು, ಕಾಣಿಪಾಕದ ದಾರಿ. ಆ ಜಿಲ್ಲೆಯ ಕಾಟೂರು ಅನ್ನುವ ಹಳ್ಳಿಯಲ್ಲಿ 1937ರಲ್ಲಿ ಹುಟ್ಟಿದವರು ಇವರು. ಅಪ್ಪ ರೈತ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಇವರೇ. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ 1958ರಲ್ಲಿ ಸಿವಿಲ್ ಮುಗಿಸಿದರು. ಹೌದು, ಸಿವಿಲ್. ಆಮೇಲೆ ಆಸ್ಟ್ರೇಲಿಯಾದಲ್ಲಿ ಎಂ.ಟೆಕ್, ಅಲ್ಲೇ ಐಬಿಎಂನಲ್ಲಿ ಕೆಲಸ. 1966ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೃತಕ ಬುದ್ಧಿಮತ್ತೆಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜಾನ್ ಮೆಕಾರ್ಥಿ ಅವರ ಕೈಕೆಳಗೆ ಪಿಎಚ್‌ಡಿ.

ರೋಬೋಟ್ ಅಂದ ಕೂಡಲೇ ನಮಗೆ ನೆನಪಾಗುವುದು ಕೈ-ಕಾಲು. ರೆಡ್ಡಿಯವರು ಶುರು ಮಾಡಿದ್ದು ಕಿವಿಯಿಂದ. ಮನುಷ್ಯ ಆಡಿದ ಮಾತು ಯಂತ್ರಕ್ಕೆ ಅರ್ಥವಾಗಬೇಕು ಅನ್ನುವುದು ಅವರ ಹಟ. 60ರ ದಶಕದ ಕೊನೆಯಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ, ಬಾಯಲ್ಲಿ ಹೇಳಿದರೆ ಬ್ಲಾಕ್‌ಗಳನ್ನು ಎತ್ತಿ ಜೋಡಿಸುವ ರೋಬೋಟ್ ತೋಳನ್ನು ತೋರಿಸಿದ್ದರು. 1969ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವರ ತಂಡ ಮಾತು ಗುರುತಿಸುವ ಹಿಯರ್‌ಸೇ ಅನ್ನುವ ವ್ಯವಸ್ಥೆ ಕಟ್ಟಿತು. ಅದರ ಎರಡನೇ ಆವೃತ್ತಿ ಕೆಲಸ ಮಾಡುವ ರೀತಿ ಮೇಷ್ಟ್ರುಗಳಿಗೆ ತುಂಬಾ ಹಿಡಿಸುತ್ತದೆ. ಒಂದು ಪ್ರೋಗ್ರಾಂ ಬರೀ ಸದ್ದನ್ನು ಗಮನಿಸುತ್ತದೆ, ಇನ್ನೊಂದು ಪದಗಳನ್ನು, ಮತ್ತೊಂದು ವಾಕ್ಯವನ್ನು. ಎಲ್ಲವೂ ತಮ್ಮ ತಮ್ಮ ಊಹೆಯನ್ನು ಒಂದೇ ಬೋರ್ಡಿನ ಮೇಲೆ ಹಾಕುತ್ತವೆ. ಒಂದು ಎಡವಿದರೆ ಇನ್ನೊಂದು ತಿದ್ದುತ್ತದೆ. ಬ್ಲ್ಯಾಕ್‌ಬೋರ್ಡ್ ಮಾದರಿ ಅಂತಲೇ ಅದರ ಹೆಸರು. ಅದೇ ವಿಶ್ವವಿದ್ಯಾಲಯದಲ್ಲಿ 1976ರ ಹೊತ್ತಿಗೆ ಬಂದ ಹಾರ್ಪಿ ಅನ್ನುವ ಇನ್ನೊಂದು ವ್ಯವಸ್ಥೆ ಸಾವಿರಕ್ಕೂ ಜಾಸ್ತಿ ಪದಗಳನ್ನು ಗುರುತಿಸುತ್ತಿತ್ತು.

1979ರಲ್ಲಿ ಅಲ್ಲಿ ರೋಬೋಟಿಕ್ಸ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಮೊದಲ ನಿರ್ದೇಶಕರು ರೆಡ್ಡಿ, 1991ರ ತನಕ ಅವರೇ. ಆ ಸಂಸ್ಥೆಯಲ್ಲಿ ಬೆಳೆದ ಒಂದು ವ್ಯಾನು 1995ರಲ್ಲಿ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೋ ತನಕ ಹೋಯಿತು. ದಾರಿಯ ಶೇ 98ರಷ್ಟು ಸ್ಟೀರಿಂಗ್ ತಿರುಗಿಸಿದ್ದು ಕಂಪ್ಯೂಟರ್. 1994ರಲ್ಲಿ ರೆಡ್ಡಿಯವರಿಗೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಎಡ್ವರ್ಡ್ ಫೈಗೆನ್‌ಬಾಮ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಏಷ್ಯಾ ಮೂಲದವರಲ್ಲಿ ಅದನ್ನು ಪಡೆದ ಮೊದಲಿಗರು ಅವರು. 2001ರಲ್ಲಿ ಪದ್ಮಭೂಷಣ.

ಈಗ ನನ್ನ ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಪ್ಪನದು ಟೊಮೆಟೊ ತೋಟ. ಕೆಲವು ವರ್ಷದ ಹಿಂದೆ ನಮ್ಮ ಶಾಲೆಗೆ ಒಂದು ರೋಬೋಟ್ ಕಿಟ್ ಬಂದಿತ್ತು. ಅವಳ ಗುಂಪು ಪುಟ್ಟ ಕಾರು ಮಾಡಿತು. ಎದುರಿಗೆ ಏನಾದರೂ ಸಿಕ್ಕರೆ ಸೆನ್ಸಾರ್ ನೋಡಿ ತಾನೇ ತಿರುಗುವ ಕಾರು. ಗೋಡೆ, ಬೆಂಚು ಎಲ್ಲ ಕಂಡು ತಿರುಗಿತು. ಮೂಲೆಯಲ್ಲಿದ್ದ ಗೋಣಿಚೀಲದ ರಾಶಿಗೆ ಮಾತ್ರ ಹೋಗಿ ಗುದ್ದಿತು. ಎಲ್ಲರೂ ವೈರ್ ಸಡಿಲ ಆಗಿದೆ ಅಂದರು. ಅವಳು ಸುಮ್ನೆ ಕೂತು ಸೆನ್ಸಾರ್ ಮುಂದೆ ಒಮ್ಮೆ ಸ್ಲೇಟು, ಒಮ್ಮೆ ಗೋಣಿ ಹಿಡಿದು ನೋಡಿದಳು. "ಮಿಸ್, ಗೋಣಿ ಸದ್ದನ್ನ ಕುಡಿದುಬಿಡ್ತದೆ, ವಾಪಸ್ ಕಳಿಸಲ್ಲ" ಅಂದಳು. ಆ ಸೆನ್ಸಾರ್ ಕೆಲಸ ಮಾಡುವುದೇ ಶಬ್ದದ ಪ್ರತಿಧ್ವನಿಯಿಂದ. ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಹುಡುಗಿ ಪಿಯುಸಿ ಸೈನ್ಸ್ ಸೇರಿದಳು. ದಸರಾ ರಜೆಯಲ್ಲಿ ನೋಟ್ಸ್ ಹಿಡಿದು ನನ್ನ ಹತ್ತಿರ ಬಂದಳು. ಫಿಸಿಕ್ಸ್ ಲೆಕ್ಚರರ್ ಹೇಳಿದ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಪುಟಗಟ್ಟಲೆ ಬರೆದುಕೊಂಡಿದ್ದಳು. ಕೇಳಿಸಿದ ಹಾಗೆ ಬರೆದದ್ದು, ಅರ್ಥ ಆಗಿರಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಳು. ವರ್ಷ ಮುಗಿಯುವ ಮುಂಚೆ ಕಾಲೇಜನ್ನೂ ಬಿಟ್ಟಳು. ಈಗ ನರಸಾಪುರದ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ. ದುಡಿಯುವ ಮಗಳ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಯಂತ್ರವನ್ನು ರೂಪಿಸುವ ಜಾಗದಲ್ಲಿ ಇರಬೇಕಾದ ತಲೆ ಅದು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯಂತ್ರವೇ ಮನುಷ್ಯನ ಮಾತಿಗೆ ಒಗ್ಗಿಕೊಳ್ಳಲಿ ಅಂತ ರೆಡ್ಡಿಯವರು ಜೀವಮಾನ ಕಳೆದರು. ನಮ್ಮ ಪಿಯುಸಿ ಕ್ಲಾಸು ಒಂದು ಮಗುವಿನ ಮಾತಿಗೆ ಆರು ತಿಂಗಳಾದರೂ ಒಗ್ಗಿಕೊಳ್ಳಬಾರದಾ?

2008ರಲ್ಲಿ ಆಗಿನ ಆಂಧ್ರ ಸರ್ಕಾರ ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ ಶುರು ಮಾಡಿತು. ಜನ ಟ್ರಿಪಲ್ ಐಟಿ ಅಂತಾರೆ. ಮೊದಲ ಕುಲಾಧಿಪತಿ (ಚಾನ್ಸಲರ್) ರಾಜ್ ರೆಡ್ಡಿ. ಬಾಸರ, ನೂಜಿವೀಡು, ಇಡುಪುಲಪಾಯ ಮೂರು ಕಡೆ ಕ್ಯಾಂಪಸ್ ತೆರೆದರು. 10ನೇ ಕ್ಲಾಸು ಮುಗಿದ ಕೂಡಲೇ ಹಳ್ಳಿ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಆರು ವರ್ಷ ಅಲ್ಲೇ ಹಾಸ್ಟೆಲ್, ಅಲ್ಲೇ ಓದು. ಮೊದಲ ಎರಡು ವರ್ಷ ನಮ್ಮ ಪಿಯುಸಿ ಇದ್ದ ಹಾಗೆ, ಆಮೇಲೆ ನಾಲ್ಕು ವರ್ಷ ಬಿ.ಟೆಕ್. ಸರ್ಕಾರಿ ಶಾಲೆಯಿಂದ ಬಂದವರಿಗೆ ಆಯ್ಕೆಯಲ್ಲಿ ಸ್ವಲ್ಪ ಹೆಚ್ಚಿನ ಅಂಕ ಸೇರಿಸುವ ಪದ್ಧತಿ ಇಟ್ಟರು. ನಡುವೆ ಕೋಚಿಂಗ್ ಇಲ್ಲ, ಸಿಇಟಿ ಭಯ ಇಲ್ಲ. ನಮ್ಮ ಮಕ್ಕಳು ಜಾರಿ ಬೀಳುವ ಜಾಗ ಎಲ್ಲಿದೆಯೋ ಸರಿಯಾಗಿ ಅಲ್ಲೇ ಕೈ ಹಿಡಿಯುವ ವ್ಯವಸ್ಥೆ ಇದು.

ಅಲ್ಲಿ ಎಲ್ಲವೂ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. 2022ರಲ್ಲಿ ಬಾಸರದ ವಿದ್ಯಾರ್ಥಿಗಳು ಸೌಲಭ್ಯ ಸರಿ ಇಲ್ಲ ಅಂತ ದಿನಗಟ್ಟಲೆ ಧರಣಿ ಕೂತರು. ಕಟ್ಟಿದ್ದನ್ನು ನೋಡಿಕೊಳ್ಳದಿದ್ದರೆ ಹಾಗಾಗುತ್ತದೆ. ಅದನ್ನು ನೋಡಿ ಕಲಿತು ಇನ್ನೂ ಚೆನ್ನಾಗಿ ಮಾಡಬಹುದು. ನಮ್ಮಲ್ಲಿ ಮೊರಾರ್ಜಿ ವಸತಿ ಶಾಲೆಗಳಿವೆ, ಅವು ಒಳ್ಳೇ ಕೆಲಸ ಮಾಡುತ್ತಿವೆ. ಆದರೆ ಹೆಚ್ಚಿನ ಕಡೆ 10ಕ್ಕೇ ನಿಲ್ಲುತ್ತವೆ. ಎಂಜಿನಿಯರಿಂಗ್ ಮುಗಿಯುವ ತನಕ ಮಗುವನ್ನು ಕೈ ಬಿಡದ ಒಂದು ಕ್ಯಾಂಪಸ್ ಕೋಲಾರ ಜಿಲ್ಲೆಗೆ ಬೇಕೇ ಬೇಕು.

ಶಾಸಕರಿಗೂ ಸಂಸದರಿಗೂ ಕೊಡಲು ಒಂದು ಮನವಿ ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಮೇಷ್ಟ್ರುಗಳು, ಮೇಡಮ್‌ಗಳು, ಎಸ್‌ಡಿಎಂಸಿಯವರು ದಯವಿಟ್ಟು ಕೈ ಜೋಡಿಸಿ. ನಿಮ್ಮ ಶಾಲೆಯಲ್ಲಿ ಚೆನ್ನಾಗಿ ಓದಿ ಆಮೇಲೆ ಪಿಯುಸಿ ಸೈನ್ಸ್ ಬಿಟ್ಟ ಮಕ್ಕಳು ಎಷ್ಟು ಜನ, ಯಾಕೆ ಬಿಟ್ಟರು ಅಂತ ನನಗೆ ಮೆಸೇಜ್ ಮಾಡಿ. ಮಕ್ಕಳ ಹೆಸರು ಬೇಡ, ಊರು ಮತ್ತು ಕಾರಣ ಸಾಕು.