ನಾಯಿಯ ಚಿಗಟದ ಪುಡಿಯನ್ನು ಬೆಕ್ಕಿನ ಮರಿಗೆ ಹಾಕಬೇಡಿ

ಮಳೆಗಾಲ ಶುರುವಾಗಿ ಮೈಸೂರಿನ ಗಾಳಿಯಲ್ಲಿ ತೇವ ತುಂಬಿತೆಂದರೆ ಚಿಗಟಗಳಿಗೆ ಸುಗ್ಗಿ. ಆಗ ಗೆಳತಿಯರೂ ನೆಂಟರೂ ನನಗೆ ಒಂದೇ ಬಗೆಯ ಫೋಟೋ ಕಳುಹಿಸುತ್ತಾರೆ. ಮೈತುಂಬ ಜೂಲುಗೂದಲಿನ ಪುಟ್ಟ ಮರಿ, ಪಕ್ಕದಲ್ಲೊಂದು ಪುಡಿಯ ಡಬ್ಬಿ. ‘ಅಕ್ಕಾ, ಇದನ್ನು ಹಾಕಬಹುದೇ?’ ಎಂಬ ಪ್ರಶ್ನೆ. ಡಬ್ಬಿಯ ಮೇಲಿರುವುದು ನಾಯಿಯ ಚಿತ್ರ. ದಯವಿಟ್ಟು ಹಾಕಬೇಡಿ. ಒಂದು ಚಿಟಿಕೆಯೂ ಬೇಡ.

ನಾಯಿಗೆಂದು ಮಾರುವ ಎಷ್ಟೋ ಪುಡಿ, ಶಾಂಪೂ ಮತ್ತು ಬೆನ್ನಿಗೆ ಬಿಡುವ ಹನಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕವಿರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ಸಾಕಷ್ಟಿಲ್ಲ. ವಿಷ ಒಳಗೇ ಉಳಿದು ನರಗಳಿಗೆ ತಗಲುತ್ತದೆ. ಕಿವಿ, ಚರ್ಮ ಅದುರುತ್ತವೆ, ಜೊಲ್ಲು ಸುರಿಯುತ್ತದೆ, ಆಮೇಲೆ ಇಡೀ ಮೈ ನಡುಗಿ ಸೆಳವು ಬರುತ್ತದೆ. ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ, ಪಾತ್ರೆ ತೊಳೆಯುವ ದ್ರವ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಡಬ್ಬಿಯನ್ನೂ ಮರಿಯನ್ನೂ ಹಿಡಿದುಕೊಂಡು ಕೂಡಲೇ ಪಶುವೈದ್ಯರ ಬಳಿ ಹೋಗಿ. ನಡುಕ ಬರಲಿ ನೋಡೋಣ ಎಂದು ಕಾಯಬೇಡಿ.

ಮಂಡ್ಯದ ಕಡೆಯ ನಮ್ಮ ಮನೆಗಳಲ್ಲಿ ಮರಿಗಳು ಬರುವುದೇ ಕೊಟ್ಟಿಗೆಯಿಂದ, ಹುಲ್ಲಿನ ಮೆದೆಯಿಂದ. ಅಲ್ಲಿ ಚಿಗಟಕ್ಕೆ ಮದ್ದು ಎಂದರೆ ಸೀಮೆಎಣ್ಣೆ. ಇಲ್ಲವೇ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿದ ಕರ್ಪೂರ. ಹುಣಸೂರು, ಪಿರಿಯಾಪಟ್ಟಣದಂತಹ ಹೊಗೆಸೊಪ್ಪು ಬೆಳೆಯುವ ಸೀಮೆಯವರಿಗೆ ಸೊಪ್ಪು ನೆನೆಸಿದ ನೀರಿನ ಬಲವೂ ಗೊತ್ತು. ಹಿರಿಯರು ಇದನ್ನೆಲ್ಲ ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಅವರ ಮೇಲೆ ಗೌರವವಿದೆ. ಆದರೆ ಮೈಮೇಲೆ ಹಚ್ಚಿದ್ದೆಲ್ಲವನ್ನೂ ಬೆಕ್ಕು ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಕರ್ಪೂರ, ನುಸಿಗುಳಿಗೆ, ಸೀಮೆಎಣ್ಣೆ, ಹೊಗೆಸೊಪ್ಪಿನ ನಿಕೋಟಿನ್, ಈಗ ಆನ್‌ಲೈನ್‌ನಲ್ಲಿ ಸಿಗುವ ಟೀ ಟ್ರೀ ಎಣ್ಣೆ, ಎಲ್ಲವೂ ಅದಕ್ಕೆ ವಿಷವೇ. ಗಿಡದಿಂದ ಬಂದದ್ದು ಎಂಬ ಕಾರಣಕ್ಕೆ ಯಾವುದೂ ನಿರಪಾಯಕಾರಿಯಾಗುವುದಿಲ್ಲ. ಬೇವಿನ ಎಣ್ಣೆಯನ್ನೂ ಮರಿಯ ಮೈಗೆ ಹಚ್ಚಬೇಡಿ.

ಹಾಗಾದರೆ ಏನು ಮಾಡುವುದು? ಸೀರಣಿಗೆ ತನ್ನಿ. ಹೇನು ತೆಗೆಯಲು ಅಜ್ಜಿಯರು ಬಳಸುತ್ತಿದ್ದ, ಒತ್ತೊತ್ತಾಗಿ ಹಲ್ಲಿರುವ ಅದೇ ಬಾಚಣಿಗೆ. ಲೋಹದ ಹಲ್ಲಿನದಾದರೆ ಇನ್ನೂ ಒಳ್ಳೆಯದು. ಒಂದು ಬಟ್ಟಲಿನಲ್ಲಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರು ಇಟ್ಟುಕೊಳ್ಳಿ. ಬರಿಯ ನೀರಿನಲ್ಲಿ ಚಿಗಟ ತೇಲಿ ಮತ್ತೆ ಹಾರುತ್ತದೆ, ಸೋಪಿನ ನೀರಿನಲ್ಲಿ ಮುಳುಗಿ ಸಾಯುತ್ತದೆ. ದಟ್ಟ ಕೂದಲಿನ ಮರಿಗೆ ನೇರವಾಗಿ ಸೀರಣಿಗೆ ಹಾಕಿದರೆ ಸಿಕ್ಕುಗಳು ಚರ್ಮವನ್ನು ಎಳೆಯುತ್ತವೆ, ಮರಿ ಕಿರುಚಿ ಓಡುತ್ತದೆ. ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಕತ್ತರಿ ಬೇಡ, ಆ ಚರ್ಮ ಬಹಳ ತೆಳು. ಆಮೇಲೆ ಕೂದಲನ್ನು ಬೈತಲೆ ತೆಗೆದಂತೆ ಸೀಳಿ, ಸ್ವಲ್ಪ ಸ್ವಲ್ಪವೇ ಬುಡದಿಂದ ಬಾಚುತ್ತಾ ಬನ್ನಿ. ಕುತ್ತಿಗೆ, ಕಿವಿಯ ಹಿಂದೆ, ಬಾಲದ ಬುಡ, ಹೊಟ್ಟೆ, ತೊಡೆಸಂದು: ಚಿಗಟಗಳು ಹೆಚ್ಚಾಗಿ ಸೇರಿಕೊಳ್ಳುವುದು ಇಲ್ಲಿ. ಹಲ್ಲಿಗೆ ಕರಿ ಕಾಳಿನಂಥ ಪುಡಿ ಅಂಟಿದರೆ ಒದ್ದೆ ಹತ್ತಿಯ ಮೇಲೆ ಉದುರಿಸಿ ನೋಡಿ. ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಮರಿಯಿಂದ ಹೀರಿದ ರಕ್ತವೇ.

ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ದಿನವೂ ಬಾಚಬೇಕು. ಬೇಸರದ ಕೆಲಸ ಎನ್ನುವವರಿದ್ದಾರೆ. ಹಾಲು ಕುಡಿದ ಮರಿ ತೊಡೆಯ ಮೇಲೆ ನಿದ್ದೆಗೆ ಜಾರುವ ಹೊತ್ತಿಗೆ ಬಾಚಿ ನೋಡಿ, ನನಗಂತೂ ದಿನದ ಅತ್ಯಂತ ಸುಖದ ಹೊತ್ತು ಅದು.

ಚಿಗಟ ವಿಪರೀತವಾಗಿದ್ದರೆ, ಮರಿ ಚುರುಕಾಗಿದ್ದರೆ ಸ್ನಾನ ಮಾಡಿಸಬಹುದು. ನಾಲ್ಕು ವಾರವೂ ತುಂಬದ ಮರಿಗೆ ಮೈ ಬಿಸಿಯನ್ನು ತಾನೇ ಉಳಿಸಿಕೊಳ್ಳಲು ಬಾರದು, ಅದಕ್ಕೆ ಬಾಚುವುದಷ್ಟೇ ಸರಿ. ಮೊದಲು ಕುತ್ತಿಗೆಯ ಸುತ್ತ ನೊರೆಯ ಪಟ್ಟಿ ಕಟ್ಟಬೇಕು, ಇಲ್ಲದಿದ್ದರೆ ಚಿಗಟಗಳೆಲ್ಲ ಮುಖಕ್ಕೆ, ಕಿವಿಗೆ ಓಡುತ್ತವೆ. ಮುಖಕ್ಕೆ ನೀರು ಬೇಡ. ದಟ್ಟ ಕೂದಲಿನಲ್ಲಿ ಕಷ್ಟ ಶುರುವಾಗುವುದೇ ಆಮೇಲೆ. ಮೇಲ್ಗಡೆ ಒಣಗಿದಂತೆ ಕಂಡರೂ ಬುಡದ ತುಪ್ಪಳ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಆಷಾಢದ ಗಾಳಿಯಲ್ಲಿ ಅಷ್ಟು ಸಾಕು, ಮರಿ ತಣ್ಣಗಾಗಿ ಸಾಯಬಹುದು. ಟವಲಿನಲ್ಲಿ ಒತ್ತಿ ಒತ್ತಿ ಒರೆಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಮಲಗಿಸಿ.

ಔಷಧಿ ಬೇಡವೆಂದು ನಾನು ಹೇಳುತ್ತಿಲ್ಲ. ತೂಕ ನೋಡದೆ ಬೇಡ ಎನ್ನುತ್ತಿದ್ದೇನೆ. ಜೂಲುಗೂದಲು ಕಣ್ಣಿಗೆ ಮೋಸ ಮಾಡುತ್ತದೆ, ದುಂಡಗೆ ಕಾಣುವ ಮರಿ ತಕ್ಕಡಿಯಲ್ಲಿ ಅರ್ಧ ಕಿಲೋ ಕೂಡ ತೂಗದಿರಬಹುದು. ನಿಟೆನ್‌ಪೈರಾಮ್ ಮಾತ್ರೆಗೆ ನಾಲ್ಕು ವಾರದ ವಯಸ್ಸಿನ ಜೊತೆಗೆ ಸುಮಾರು 900 ಗ್ರಾಂ ತೂಕವೂ ಬೇಕು. ಸಾಮಾನ್ಯವಾಗಿ ಮರಿ ಆ ತೂಕ ಮುಟ್ಟುವುದು ಎರಡು ತಿಂಗಳ ಸುಮಾರಿಗೆ. ಕುತ್ತಿಗೆಯ ಹಿಂಭಾಗಕ್ಕೆ ಬಿಡುವ ಫಿಪ್ರೊನಿಲ್ ಹನಿಗಳಿಗೂ ಸಾಮಾನ್ಯವಾಗಿ ಎಂಟು ವಾರ ತುಂಬಿರಬೇಕು. ಯಾವುದು, ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಮರಿಯ ಒಸಡನ್ನು ದಿನವೂ ನೋಡಿ. ತಿಳಿಗುಲಾಬಿ ಇರಬೇಕಾದದ್ದು ಬಿಳಿಚಿಕೊಂಡಿದ್ದರೆ, ಮರಿ ಸೋತು ಬಿದ್ದುಕೊಂಡಿದ್ದರೆ, ರಕ್ತ ಕಡಿಮೆಯಾಗಿದೆ ಎಂದೇ ತಿಳಿಯಿರಿ. ಚಿಗಟದಿಂದ ಮರಿಗಳು ಸಾಯುತ್ತವೆ. ಅಂಥ ಹೊತ್ತಿನಲ್ಲಿ ಬಾಚಣಿಗೆ, ಸ್ನಾನ ಎಲ್ಲ ಆಮೇಲೆ, ಆಸ್ಪತ್ರೆ ಮೊದಲು.

ಮರಿಯನ್ನು ಎಷ್ಟು ಬಾಚಿದರೂ ಮನೆ ಹಾಗೆಯೇ ಇದ್ದರೆ ಪ್ರಯೋಜನವಿಲ್ಲ. ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಗಳನ್ನು ಇಡಬಲ್ಲದು. ಅವು ಮೈಮೇಲೆ ನಿಲ್ಲದೆ ಚಾಪೆ, ದಿಂಬು, ಸೋಫಾದ ಸಂದು, ಹಳೆಯ ಮನೆಯ ನೆಲದ ಬಿರುಕುಗಳಿಗೆ ಉದುರುತ್ತವೆ. ಮರಿಹುಳು ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲದು, ಹೆಜ್ಜೆಯ ಅದುರು ಮತ್ತು ಮೈ ಬಿಸಿ ತಾಗಿದಾಗ ಹೊರಗೆ ಬರುತ್ತದೆ. ರಜೆ ಮುಗಿಸಿ ಬೀಗ ತೆಗೆದವರ ಕಾಲಿಗೆ ಚಿಗಟಗಳು ಮುತ್ತುವುದು ಇದರಿಂದಲೇ. ಮರಿಯ ಹಾಸಿಗೆಯನ್ನು ವಾರವಾರವೂ ಬಿಸಿನೀರಿನಲ್ಲಿ ಒಗೆಯಿರಿ. ಮೂಲೆ ಮೂಲೆಯನ್ನೂ ದಿನಾ ಗುಡಿಸಿ, ಆ ಕಸವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ. ಹಲವು ವಾರ ಬಿಡದೆ ಮಾಡಬೇಕು.

ಕೆಲವು ಮನೆಗಳಲ್ಲಿ ಹಿರಿಯರು ಚಿಗಟ ಕಂಡ ಕೂಡಲೇ ಮರಿಯನ್ನು ಹೊರಗೆ ಬಿಡಿ ಎನ್ನುತ್ತಾರೆ. 1898ರ ಪ್ಲೇಗನ್ನು ಕಂಡ ಊರು ನಮ್ಮದು, ಆ ಭಯ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. ಆದರೆ ಅಂದು ಮುಖ್ಯವಾಗಿ ರೋಗ ಹರಡಿದ್ದು ಇಲಿಯ ಚಿಗಟ, ಮನೆಯ ಬೆಕ್ಕಿನ ಮೈಯಲ್ಲಿ ಸಾಮಾನ್ಯವಾಗಿ ಇರುವುದು ಬೇರೆ ಜಾತಿ. ಬೆಕ್ಕು ಪರಚಿದ ಗಾಯವನ್ನು ಸೋಪು ಹಾಕಿ ತೊಳೆಯಿರಿ, ಮರಿಯನ್ನು ಬೀದಿಗೆ ಬಿಡಬೇಡಿ.

ವೈದ್ಯರ ಬಳಿ ಹೋದಾಗ ಚಿಗಟವಿತ್ತು ಎಂದು ಮರೆಯದೆ ತಿಳಿಸಿ. ಮೈ ನೆಕ್ಕುವಾಗ ಚಿಗಟ ನುಂಗಿದ ಮರಿಗೆ ಲಾಡಿಹುಳು ತಗಲುತ್ತದೆ, ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ಚೂರುಗಳು ಕಾಣಿಸುತ್ತವೆ. ಮರಿಗಳಿಗೆ ಸಾಮಾನ್ಯವಾಗಿ ಕುಡಿಸುವ ಪೈರಾಂಟೆಲ್ ಸಿರಪ್‌ಗೆ ಆ ಹುಳು ಜಗ್ಗುವುದಿಲ್ಲ. ಪ್ರಾಜಿಕ್ವಾಂಟೆಲ್ ಇರುವ ಔಷಧಿಯನ್ನೇ ಕೇಳಬೇಕು.