ದುಡ್ಡು ನಮ್ಮದು, ಬಾಕ್ಸ್ ಅವರದ್ದು

ಹಿಂಗಾರಿನ ಸಿಡಿಲಿಗೆ ಈ ವರ್ಷವೂ ನಮ್ಮ ಸೆಟ್‌ಟಾಪ್ ಬಾಕ್ಸ್ ಹೋಯಿತು. ಮೋಡ ಕಪ್ಪಾದರೆ ಮೊದಲು ಪ್ಲಗ್ ಕೀಳುವ ಮಂಗಳೂರಿಗರು ನಾವು. ಆದರೆ ಕೇಬಲ್ ವಯರಿನಲ್ಲೇ ಸಿಡಿಲು ಇಳಿದರೆ ಏನು ಮಾಡುವುದು? ಸಿಟ್ಟು ಸಿಡಿಲಿನ ಮೇಲಲ್ಲ, ಕೇಬಲಿನವನ ಮೇಲೆ. "ಸಿಡಿಲಿಗೆ ಹೋದದ್ದಕ್ಕೆ ವಾರಂಟಿ ಇಲ್ಲ ಅಕ್ಕ, ಹೊಸತೇ ಹಾಕಬೇಕು, ಸಾವಿರದ ಐನೂರು." ಅಡಾಪ್ಟರಿಗೆ ಬೇರೆ, ರಿಮೋಟಿಗೆ ಬೇರೆ, ಚಾಲೂ ಮಾಡಿಕೊಡಲು ಮತ್ತೆ ಬೇರೆ. ರಸೀದಿ ಕೇಳಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ.

ಬೇರೆಯವರಿಂದ ತೆಗೆದುಕೊಳ್ಳೋಣವೆಂದರೆ ಪಕ್ಕದ ರಸ್ತೆಯವನು "ಅದು ಅವರ ಏರಿಯಾ" ಎಂದು ಕೈಮುಗಿಯುತ್ತಾನೆ. ಅವನು ಒಪ್ಪಿದರೂ ನಾನು ದುಡ್ಡು ಕೊಟ್ಟ ಬಾಕ್ಸ್ ಅವನ ಲೈನಿನಲ್ಲಿ ನಡೆಯುವುದಿಲ್ಲ. ಸಿಮ್ ಬದಲಿಸುವಾಗ ಯಾರಾದರೂ ಮೊಬೈಲನ್ನೇ ಎಸೆಯುತ್ತಾರೆಯೇ? ಎಲ್ಲ ಕಂಪನಿಗಳಿಗೂ ಹೊಂದುವ ಬಾಕ್ಸ್ ಕಡ್ಡಾಯವಾಗಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿತ್ತು. ಅದು ಇಂದಿಗೂ ನಮ್ಮ ರಸ್ತೆಗೆ ಇಳಿದಿಲ್ಲ.

ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಎಂಬ ನಿಯಮ 2019ರಲ್ಲಿ ಬಂದಾಗ ನಾವು ಖುಷಿಪಟ್ಟೆವು. ಆದರೆ ಒಂದೂ ಪಾವತಿ ಚಾನೆಲ್ ಬೇಡವೆಂದರೂ ಲೈನಿನ ಬಾಬ್ತು ನೆಟ್‌ವರ್ಕ್ ಶುಲ್ಕ 130 ರೂಪಾಯಿವರೆಗೆ ಇತ್ತು, ಶೇ 18ರ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ! 2024ರಲ್ಲಿ ಆ ಶುಲ್ಕದ ಮಿತಿಯನ್ನೂ ತೆಗೆದುಹಾಕಿದರು. ನಾಲ್ಕು ಚಾನೆಲ್ ಸಾಕೆಂದರೆ "ಬಿಡಿಬಿಡಿಯಾಗಿ ಜಾಸ್ತಿಯಾಗುತ್ತದೆ, ಪ್ಯಾಕೇಜ್ ಹಾಕಿಸಿ" ಎನ್ನುತ್ತಾನೆ ಕೇಬಲಿನವನು. ಅದರಲ್ಲಿ ಮನೆಯಲ್ಲಿ ಯಾರಿಗೂ ಬಾರದ ಭಾಷೆಗಳ ಧಾರಾವಾಹಿಗಳು.

ಡಿಶ್ ಹಾಕಿಸಿ ಎಂದು ಬುದ್ಧಿ ಹೇಳುವವರಿಗೇನೂ ಕೊರತೆಯಿಲ್ಲ. ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆ ಹಿಡಿದರೆ ಡಿಶ್ ಇದ್ದವರು ಸಿಗ್ನಲ್ ಇಲ್ಲವೆಂಬ ಬರಹವನ್ನೇ ನೋಡುತ್ತ ಕೂರಬೇಕು. ಅದನ್ನಾದರೂ ಸಹಿಸಬಹುದು. ನಮ್ಮ ಅತ್ತೆಗೆ ಸಂಜೆ ಸ್ಥಳೀಯ ಚಾನೆಲಿನ ತುಳು ವಾರ್ತೆ ಬೇಕು, ರಾತ್ರಿ ಯಕ್ಷಗಾನ ಬೇಕು, ಕಂಬಳವಿದ್ದರೆ ಕೋಣಗಳು ಗುರಿ ಮುಟ್ಟುವವರೆಗೂ ಊಟಕ್ಕೆ ಏಳುವುದಿಲ್ಲ. ಅವರು ನೋಡುವ ಚಾನೆಲ್ ಡಿಶ್‌ನಲ್ಲಿ ಬರುವುದೇ ಇಲ್ಲ. ಮೊಬೈಲಿನಲ್ಲಿ ನೋಡಿ ಎಂದು ಕಣ್ಣು ಮಂಜಾದ ಮುದುಕಿಗೆ ನೀವೇ ಬಂದು ಹೇಳಿ. ಕೇಬಲಿನವನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಅದಕ್ಕೇ ಅಷ್ಟು ಗತ್ತು.

ಕೊನೆಗೆ ದುಡ್ಡು ಎಣಿಸಿದೆ, ಬಾಕ್ಸ್ ಬಂತು. ತಿರುಗಿಸಿ ನೋಡಿದರೆ ಅಡಿಯಲ್ಲಿ ಬೇರೆ ಯಾರದೋ ಹೆಸರಿನ ಚೀಟಿ ಅಂಟಿಕೊಂಡಿದೆ. ಕೇಳಿದ್ದಕ್ಕೆ, "ಒಳಗೆ ಎಲ್ಲ ಹೊಸತೇ ಅಕ್ಕ" ಎಂದು ಸ್ಕೂಟರ್ ಹತ್ತಿ ಹೋದ.