ಬ್ಲ್ಯಾಕ್ ಬೆಲ್ಟ್ ಆಯ್ತು, ಇನ್ನು ಎಸ್ಸೆಸ್ಸೆಲ್ಸಿ

ಕರಾಟೆಯ ಬೆಲ್ಟ್ ಪರೀಕ್ಷೆ ಮುಗಿದ ವಾರ ಮಂಗಳೂರಿನ ಯಾವುದಾದರೊಂದು ಜಂಕ್ಷನ್‌ನಲ್ಲಿ ಫ್ಲೆಕ್ಸ್ ಏಳುತ್ತದೆ. ಕಾಲು ಎತ್ತಿ ನಿಂತ ಮಗು, ಸೊಂಟಕ್ಕೆ ಹೊಸ ಕಪ್ಪು ಬೆಲ್ಟ್, ಕೆಳಗೆ ಅಜ್ಜ-ಅಜ್ಜಿಯಿಂದ ಹಿಡಿದು ಗೆಳೆಯರ ಬಳಗದವರೆಗೆ ಎಲ್ಲರ ಅಭಿನಂದನೆ. ಹಾಕಲಿ, ಮಗು ಬೆವರು ಸುರಿಸಿದೆ. ನನಗೆ ಬೇಸರ ಆಗುವುದು ಮುಂದಿನ ತಿಂಗಳು. ಫ್ಲೆಕ್ಸ್ ಇನ್ನೂ ಅಲ್ಲೇ ಉಂಟು, ಮಗು ಮಾತ್ರ ಕ್ಲಾಸಿಗೆ ಇಲ್ಲ. ಕೇಳಿದರೆ ಮನೆಯವರದ್ದು ಒಂದೇ ಉತ್ತರ: "ಬ್ಲ್ಯಾಕ್ ಬೆಲ್ಟ್ ಆಯ್ತಲ್ಲ ಸರ್, ಇನ್ನು ಎಸ್ಸೆಸ್ಸೆಲ್ಸಿ."

ಎಂತ ಆಯ್ತು ಮಾರಾಯ್ರೆ? ಒಂದನೇ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟ್‌ನ ಮೊದಲ ಮೆಟ್ಟಿಲು, ಸಿಕ್ಕಿತು ಅಂದರೆ ಕೈ, ಕಾಲು, ಸೊಂಟ ಒಟ್ಟಿಗೆ ಓಡಲು ಕಲಿತಿವೆ ಎಂದಷ್ಟೇ. ಇನ್ನು ಮೇಲೆ ಹೇಳಿಕೊಡಬಹುದು ಅಂತ ಗುರುವಿಗೆ ಧೈರ್ಯ ಬರುವ ಹೊತ್ತಿಗೆ ಶಿಷ್ಯ ಮನೆಗೆ ಹೋಗಿರುತ್ತಾನೆ.

ಬೆಲ್ಟ್‌ನ ಬಗ್ಗೆ ನಮ್ಮ ಕ್ಲಾಸುಗಳಲ್ಲಿ ಓಡಾಡುವ ಕಥೆಗಳೂ ಒಂದಿಷ್ಟು ಉಂಟು. ಹಿಂದಿನವರು ಹೊಸಬರ ಬಿಳಿ ಬೆಲ್ಟನ್ನು ತೊಳೆಯುತ್ತಲೇ ಇರಲಿಲ್ಲ, ಕೊಳೆಯಾಗಿ ಕೊಳೆಯಾಗಿ ಅದು ಕಪ್ಪಾಯಿತು ಎಂಬುದು ಅದರಲ್ಲೊಂದು. ಕೇಳಲು ಚಂದ, ಆದರೆ ನಡೆದದ್ದು ಹಾಗಲ್ಲ. 1882ರಲ್ಲಿ ಟೋಕಿಯೋದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಜೂಡೋ ಶುರು ಮಾಡಿದ ಜಿಗೊರೊ ಕಾನೊ, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಕಪ್ಪು ಬೆಲ್ಟ್ ಬಂದದ್ದು ಅದರ ಬೆನ್ನಿಗೆ. ಓಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೋಗೆ ಬಂದ ಕರಾಟೆ ಗುರು ಗಿಚಿನ್ ಫುನಾಕೊಶಿ ಈ ಪದ್ಧತಿಯನ್ನು ಜೂಡೋದಿಂದಲೇ ತೆಗೆದುಕೊಂಡು 1924ರಲ್ಲಿ ಕರಾಟೆಗೆ ತಂದರು. ಅಂದರೆ ಕರಾಟೆಯ ಬ್ಲ್ಯಾಕ್ ಬೆಲ್ಟ್‌ಗೆ ಈಗಷ್ಟೇ ನೂರು ತುಂಬಿದೆ. ಫುನಾಕೊಶಿ ಹುಡುಗನಾಗಿ ಕಲಿಯುವಾಗ ಬೆಲ್ಟ್ ಪರೀಕ್ಷೆ ಎಂಬುದೇ ಇರಲಿಲ್ಲ. ಈಗ ಟೆಕ್ಕಿ ಅಂತ ಕರೆಯುವ ಮೂರೇ ಮೂರು ಕಟಾಗಳಿಗೆ (ಒಬ್ಬರೇ ಮಾಡುವ, ಕ್ರಮ ಹಾಕಿದ ಹೊಡೆತ-ತಡೆಗಳ ಸರಣಿಗೆ ಕಟಾ ಅಂತ ಹೆಸರು) ಅವರು ಹತ್ತು ವರ್ಷ ಕೊಟ್ಟಿದ್ದರು. ನಮ್ಮಲ್ಲಿ ಹತ್ತು ವರ್ಷ ಅಂದರೆ ಒಂದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ!

ಕಾನೊ ತನ್ನನ್ನು ಬಿಳಿ ಬೆಲ್ಟ್‌ನಲ್ಲೇ ಹೂಳಬೇಕು ಅಂದಿದ್ದರಂತೆ ಅಂತಲೂ ಹೇಳುತ್ತಾರೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ, ಅಗತ್ಯವೂ ಕಾಣುವುದಿಲ್ಲ. ಯಾಕೆಂದರೆ ಅದಕ್ಕಿಂತ ದೊಡ್ಡದನ್ನು ಅವರು ಬದುಕಿದ್ದಾಗಲೇ ಮಾಡಿದ್ದಾರೆ. 1930ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಜೂಡೋ ಜಗತ್ತೆಲ್ಲ ಹಬ್ಬಿದ್ದ ಕಾಲದಲ್ಲಿ, ತನಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಚಿಕ್ಕವರಾದ ಮೊರಿಹೆಯಿ ಉಯೆಶಿಬಾ ಅವರ ಅಭ್ಯಾಸ ನೋಡಲು ಹೋದರು. ಐಕಿಡೋ ಎಂಬ ಹೆಸರು ಆ ವಿದ್ಯೆಗೆ ಇನ್ನೂ ಬಂದಿರಲಿಲ್ಲ. ನೋಡಿ ಮೆಚ್ಚಿದರು, ಬಂದು ತನ್ನ ಒಳ್ಳೆಯ ಶಿಷ್ಯರನ್ನೇ ಅಲ್ಲಿಗೆ ಕಲಿಯಲು ಕಳಿಸಿದರು. ನಮ್ಮ ಜಿಲ್ಲೆಯಲ್ಲಿ ಒಬ್ಬ ಮಾಸ್ಟರ್ ತನ್ನ ಹುಡುಗರನ್ನು ಪಕ್ಕದ ರಸ್ತೆಯ ಕ್ಲಾಸಿಗೆ "ಅವರ ಒದೆತ ನನಗಿಂತ ಚೆಂದ ಉಂಟು, ಹೋಗಿ ಕಲಿತು ಬನ್ನಿ" ಅಂತ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಆ ಕ್ಲಾಸಿಗೆ ಕಾಲಿಟ್ಟರೆ ಇಲ್ಲಿ ಹೆಸರು ಹೊಡೆಯುತ್ತೇನೆ ಅಂದದ್ದನ್ನು ಕೇಳಿದ್ದೇನೆ.

ಹಾಗಾಗಿ ಮಕ್ಕಳನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ವಿನಯ ಅಂತ ನಾವು ಕಲಿಸುವುದು ಬಗ್ಗಿ ನಮಸ್ಕರಿಸುವುದನ್ನು. ಅದು ಎರಡು ದಿನದ ಪಾಠ. ಒಂದನೇ ಕ್ಲಾಸಿನ ಮಗುವಿನ ಎದುರು ನಿಮ್ಮ ಹಿಮ್ಮಡಿ ಏಳ್ತಾ ಉಂಟು ಅಂತ ಯಾರಾದರೂ ತಿದ್ದಿದರೆ ಮುಖ ಕೆಂಪಾಗದೆ ಹಿಮ್ಮಡಿ ಇಳಿಸುವುದು ಉಂಟಲ್ಲ, ಅದಕ್ಕೆ ಜನ್ಮ ಬೇಕು. ಕಲಿಸುವವನನ್ನು ತಿದ್ದುವವರೇ ಇಲ್ಲದಿದ್ದರೆ ಅವನ ತಪ್ಪು ಗಟ್ಟಿಯಾಗುತ್ತದೆ. ಮತ್ತೆ ಅದೇ ತಪ್ಪು ಐವತ್ತು ಮಕ್ಕಳಲ್ಲಿ ಸಾಲಾಗಿ ಕಾಣುತ್ತದೆ.

ನಾನು ಹೋಗುವ ಕಡೆ ಒಬ್ಬರು ಹಿರಿಯರಿದ್ದಾರೆ. ಮೊಣಗಂಟು ನೋವು, ಆದರೂ ಬರುತ್ತಾರೆ. ಎಷ್ಟನೆಯ ಡಾನ್ ಅಂತ ಕೇಳಿದರೆ ಮಾತು ತಪ್ಪಿಸಿ ಮಳೆಯ ಸುದ್ದಿಗೆ ಹೋಗುತ್ತಾರೆ. ನಿಲ್ಲುವುದು ಹಿಂದಿನ ಸಾಲಿನಲ್ಲಿ, ಮಕ್ಕಳೊಟ್ಟಿಗೆ ಹೇಯಾನ್ ಶೋದಾನ್ ಮಾಡುತ್ತಾರೆ. ಹೊಸಬರು ಕಲಿಯುವ ಮೊದಲ ಕಟಾ ಅದು. ಕಾಲು ಮೊದಲಿನಷ್ಟು ಬಗ್ಗದ ಮೇಲೆ ಸೊಂಟ ತಿರುಗಿಸುವುದನ್ನು ಬೇರೆ ರೀತಿಯಲ್ಲಿ ಹುಡುಕಬೇಕಾಯಿತು ಅಂತ ಒಮ್ಮೆ ಹೇಳಿದರು. ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನು ನನಗೂ ತೋರಿಸಿದರು. ಹೆಗಲಿನ ಬಲ ಬಿಟ್ಟು ಉಸಿರಿನೊಟ್ಟಿಗೆ ಬಂದ ಆ ಗುದ್ದು ನನ್ನ ಎದೆಗೆ ತಾಗಿದ್ದು ನೆನಪಿದೆ. ಇಪ್ಪತ್ತರ ಹುಡುಗರ ಹೊಡೆತ ಹಾಗೆ ಒಳಗಿಳಿಯುವುದಿಲ್ಲ.

ಇದು ನಮ್ಮ ಕರಾವಳಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಅಂತ ಪೂರ್ವರಂಗದಿಂದಲೇ ಮೇಲೆ ಬರಬೇಕಿತ್ತು. ಎದುರು ವೇಷದವರನ್ನು ಚೌಕಿಯ, ಅಂದರೆ ಬಣ್ಣದ ಮನೆಯ, ಮೂಲೆಯಿಂದ ವರ್ಷಗಟ್ಟಲೆ ನೋಡಬೇಕಿತ್ತು. ಗರೋಡಿಗಳಂತೂ ಊರೂರಲ್ಲಿ ಇವೆ. ಈಗ ನಮಗೆ ಅವು ವೀರ ಕೋಟಿ-ಚೆನ್ನಯರಿಗೆ ಕೈಮುಗಿಯುವ, ದೈವದ ನೇಮ ನೋಡುವ ಜಾಗ. ಅಂಗಸಾಧನೆಯ ಮನೆಗಳಾಗಿದ್ದವು ಎಂಬುದು ನೆನಪಾಗುವುದು ಕಡಿಮೆ.

ಈ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಲು ಹೊರಟಿರುವ ತಂದೆ-ತಾಯಿಗಳಿಗೆ ಒಂದು ವಿನಂತಿ. ಎಷ್ಟು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡುತ್ತೀರಿ ಅಂತ ಕೇಳಬೇಡಿ. ಮಾಸ್ಟರ್‌ಗಳೂ ಆ ಪ್ರಶ್ನೆಗೆ ತಕ್ಕ ಹಾಗೆ ಪ್ಯಾಕೇಜ್ ಮಾಡಿಟ್ಟಿದ್ದಾರೆ. "ನಿಮಗೆ ಈಗ ಕಲಿಸುವವರು ಯಾರು, ಅವರ ಹತ್ತಿರ ಕೊನೆಗೆ ಹೋದದ್ದು ಯಾವಾಗ?" ಅಂತ ಕೇಳಿ. ಉತ್ತರ ಬಂದರೆ ಸೇರಿಸಿ. ಸಿಟ್ಟು ಬಂದರೆ ಬೇರೆ ಕಡೆ ವಿಚಾರಿಸಿ. ಮಂಗಳೂರಲ್ಲಿ ಕ್ಲಾಸುಗಳಿಗೇನು ಬರಗಾಲ ಇಲ್ಲ.